ರವಿವಾರದ ಬಿಡುವು ಶನಿವಾರದಿಂದಲೇ: ವಿಶ್ರಾಂತಿ ದಿನ ಪಾಲಿಸುವ ಬಗೆ, ಹಿರಿಯರನ್ನು ಗೌರವಿಸುವ ಬಗೆ

ಬೈಬಲಿನ ಯಾಜಕಕಾಂಡ 19ನೆಯ ಅಧ್ಯಾಯದ 3ನೆಯ ವಚನ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ: ತಾಯಿತಂದೆಗಳ ವಿಷಯದಲ್ಲಿ ಭಯಭಕ್ತಿ ಇರಲಿ, ನನ್ನ ಸಬ್ಬತ್ (ವಿಶ್ರಾಂತಿ) ದಿನಗಳನ್ನು ಪಾಲಿಸಿರಿ. ಹತ್ತು ಆಜ್ಞೆಗಳಲ್ಲೂ ಇವೆರಡು ಅಕ್ಕಪಕ್ಕದಲ್ಲೇ ಇವೆ. ಕಥೋಲಿಕರ ಎಣಿಕೆಯಲ್ಲಿ ಅವು ಮೂರನೆಯದು, ನಾಲ್ಕನೆಯದು. ಮೆಥೋಡಿಸ್ಟರು ಮತ್ತು ದಕ್ಷಿಣ ಭಾರತ ಸಭೆಯವರ (ಸಿಎಸ್‌ಐ) ಎಣಿಕೆಯಲ್ಲಿ ನಾಲ್ಕನೆಯದು, ಐದನೆಯದು. ಮಗ ಆರಾಧನೆ ಮುಗಿಸಿ ಬಂದು ಮಂಚದ ಮೇಲೆ ಅಡ್ಡಾಗಿ, ಅವ್ವ ಒಲೆಯ ಮುಂದೆ ಬೆವರು ಸುರಿಸುತ್ತಿದ್ದರೆ ಎರಡೂ ಒಟ್ಟಿಗೇ ಮುರಿದವು.

ಹಾಗಾಗಿ ಮೊದಲ ಕೆಲಸ, ನಿಮ್ಮ ಬಿಡುವಿಗಾಗಿ ಯಾರು ದುಡಿಯುತ್ತಿದ್ದಾರೆ ಎಂದು ನೋಡುವುದು. ವಿಮೋಚನಕಾಂಡ 20:10ರಲ್ಲಿ ಪಟ್ಟಿಯೇ ಇದೆ: ನೀನು, ಮಗ, ಮಗಳು, ದಾಸ, ದಾಸಿ, ದನಕರು, ನಿನ್ನ ಊರಬಾಗಿಲೊಳಗಿನ ಪರದೇಶಿ. ಪಟ್ಟಿಯಲ್ಲಿ ಹೆಂಡತಿ ಇಲ್ಲವಲ್ಲ ಎನ್ನುವವರಿದ್ದಾರೆ. ‘ನೀನು’ ಎಂಬುದರಲ್ಲಿ ಆಕೆಯೂ ಇದ್ದಾಳೆ; ದಾಸಿಗೂ ಬಿಡುವು ಕೊಡು ಎಂದ ದೇವರು ಮನೆಯೊಡತಿಯನ್ನು ದುಡಿಸು ಎನ್ನಲಾರ. ಒಂದು ಹಾಳೆ ತೆಗೆದುಕೊಂಡು ಹೋದ ರವಿವಾರ ಮನೆಯಲ್ಲಿ ಯಾರು ಏನೇನು ಮಾಡಿದರೆಂದು ಬರೆಯಿರಿ. ಒಂದೇ ಹೆಸರಿನ ಮುಂದೆ ಹತ್ತು ಕೆಲಸ ಕಂಡರೆ ಅಲ್ಲಿಂದಲೇ ಶುರು ಮಾಡಬೇಕು.

ಶನಿವಾರದ ತಯಾರಿ

ಬೈಬಲಿನ ಲೆಕ್ಕದಲ್ಲಿ ದಿನ ಸಂಜೆಗೇ ಶುರುವಾಗುತ್ತದೆ. ಶನಿವಾರ ದೀಪ ಹಚ್ಚುವ ಹೊತ್ತಿನಿಂದ ರವಿವಾರ ದೀಪ ಹಚ್ಚುವ ಹೊತ್ತಿನವರೆಗೆ ಎಂದು ಇಟ್ಟುಕೊಂಡರೆ ಒಕ್ಕಲುತನದ ಮನೆಗೆ ಚೆನ್ನಾಗಿ ಒಗ್ಗುತ್ತದೆ, ಸೋಮವಾರದ ಬುತ್ತಿಯ ಸಿದ್ಧತೆಗೂ ರವಿವಾರ ರಾತ್ರಿ ಸಿಗುತ್ತದೆ. ಶನಿವಾರವನ್ನೇ ಸಬ್ಬತ್ ಎಂದು ಪಾಲಿಸುವ ಅಡ್ವೆಂಟಿಸ್ಟ್ ಕುಟುಂಬಗಳು ಇದನ್ನೆಲ್ಲ ಒಂದು ದಿನ ಹಿಂದಕ್ಕೆ ಸರಿಸಿಕೊಂಡರೆ ಸಾಕು. ದಿನದ ವಿಷಯಕ್ಕೆ ಒಬ್ಬರ ಮೇಲೊಬ್ಬರು ತೀರ್ಪು ಕೊಡಬೇಡಿರೆಂದು ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ.

ಊಟದ ಮಾತಿಗೆ ಬರೋಣ. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಸುರಿದಾಗ ಇಸ್ರಾಯೇಲ್ಯರು ಆರನೆಯ ದಿನ ತಲೆಗೆ ಎರಡೆರಡು ಓಮೆರ್ (ಆಗಿನ ಒಂದು ಅಳತೆ) ಕೂಡಿಸಿದರು. ಬೇರೆ ದಿನ ಉಳಿಸಿದ್ದು ಹುಳ ಬಿತ್ತು, ಆ ದಿನದ್ದು ಕೆಡಲಿಲ್ಲ. ನಮ್ಮ ಸೀಮೆಯಲ್ಲಿ ಆ ಜಾಗಕ್ಕೆ ಕಡಕ್ ರೊಟ್ಟಿ ಇದೆ. ಐದು ಜನರ ಮನೆಗೆ ಎರಡು ಹೊತ್ತಿಗೆ ತಲೆಗೆ ಎರಡರಂತೆ 20, ಬಂದವರಿಗೆ 4, ಒಟ್ಟು 24 ರೊಟ್ಟಿ. ಸುಮಾರು ಎರಡು ಕಿಲೋ ಜೋಳದ ಹಿಟ್ಟು ಬೇಕು. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿ, ತೆಳ್ಳಗೆ ಬಡಿಯಿರಿ. ಬೆಂದ ಮೇಲೆ ಸಣ್ಣ ಉರಿಯ ತವೆಯ ಮೇಲೆ ಬಟ್ಟೆಯಿಂದ ಒತ್ತುತ್ತ, ಇಲ್ಲವೇ ಕಟ್ಟಿಗೆ ಒಲೆಯ ಬದಿಗೆ ಆನಿಸಿ, ಬಗ್ಗಿಸಿದರೆ ಮುರಿಯುವವರೆಗೆ ಒಣಗಿಸಬೇಕು. ಅಂಚು ಗರಿಗರಿಯಾಗಿ ನಡುವೆ ಮೆತ್ತಗಿದ್ದರೆ ಆಗಿಲ್ಲ ಎಂದೇ ಅರ್ಥ. ಬಹಳ ಜನ ತಪ್ಪುವುದು ಇದರ ನಂತರ: ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಡಬ್ಬಿ ಮುಚ್ಚುತ್ತಾರೆ. ಒಳಗಿನ ಹಬೆ ನೀರಾಗಿ ಮುಂಜಾನೆ ಹೊತ್ತಿಗೆ ರೊಟ್ಟಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಮುಗ್ಗಲು ವಾಸನೆಯೂ ಬರುತ್ತದೆ. ಪೂರ್ತಿ ಆರಿದ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಒಂದು ಕಾಳಿನ ಪಲ್ಯ ಮಾಡಿದರೂ ಸಾಕು. ಮಾಂಸದಡಿಗೆ ಬೇಕೇ ಬೇಕು ಎನ್ನುವ ಮನೆಯಲ್ಲಿ ಮಸಾಲೆ ಶನಿವಾರವೇ ಅರೆದಿಡಿ. ಪಾತ್ರೆ ತಿಕ್ಕುವುದು ಗಂಡುಮಕ್ಕಳ ಪಾಲಿಗಿರಲಿ. ನಳದ ನೀರು ರವಿವಾರವೇ ಬರುವ ಪಾಳಿಯಾದರೆ ತುಂಬುವ ಕೆಲಸವೂ ಅವರದೇ.

ಎರಡು ದಿನದ ಮೇವು ಶನಿವಾರವೇ ಕೊಟ್ಟಿಗೆಗೆ ಬರಲಿ. ಹಾಲು ಹಿಂಡುವುದು, ನೀರು ಕುಡಿಸುವುದು ನಿಲ್ಲಿಸುವ ಕೆಲಸಗಳಲ್ಲ; ಸಬ್ಬತ್ತಿನಲ್ಲೂ ಎತ್ತು ಬಿಚ್ಚಿ ನೀರಿಗೆ ಒಯ್ಯುತ್ತೀರಲ್ಲ ಎಂದು ಯೇಸುವೇ ಕೇಳಿದ್ದಾನೆ (ಲೂಕ 13:15). ಎತ್ತಿಗೆ ಬಿಡುವು ಕೊಡುವುದನ್ನು ನಮ್ಮ ರೈತನಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ನೆರೆಯವರಿಗೆ ನಿಮ್ಮ ರವಿವಾರವನ್ನು ತಿಳಿಸಬೇಕಾದರೆ ಇದಕ್ಕಿಂತ ಸುಲಭದ ಮಾತು ಸಿಗದು. ಅವರೊಡನೆ ಎತ್ತು ಕೂಡಿಸಿ ಹೂಡುವವರು ಎರಡೂ ದಿನ ಬಿಡುವು ಕೊಡಿ.

ಆಳುಗಳ ಪಗಾರ ಶನಿವಾರ ಹೊತ್ತು ಮುಳುಗುವ ಮೊದಲು, ಚಿಲ್ಲರೆ ಸಮೇತ ಕೈಗೆ ಸೇರಬೇಕು. ರವಿವಾರ ಚರ್ಚಿನಿಂದ ಬಂದ ಮೇಲೆ ಕೊಡುತ್ತೇನೆ ಎಂದರೆ ಅವರ ಬಿಡುವಿನ ದಿನ ನಿಮ್ಮ ಬಾಗಿಲಲ್ಲಿ ಕಾಯುವುದರಲ್ಲೇ ಕಳೆಯುತ್ತದೆ. ಕೂಲಿಯನ್ನು ಅಂದೇ ಕೊಡು ಎಂಬುದು ಧರ್ಮೋಪದೇಶಕಾಂಡ 24:15ರ ಮಾತು.

ಯಾವ ಕೆಲಸ ಕಾಯುತ್ತದೆ, ಯಾವುದು ಕಾಯದು

ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲೂ ಮೇಲೆತ್ತಬೇಕು (ಲೂಕ 14:5). ಕಷ್ಟವೆಂದರೆ ನಮಗೆ ಎಲ್ಲ ಕೆಲಸವೂ ಬಾವಿಗೆ ಬಿದ್ದ ಎತ್ತಿನಂತೆಯೇ ಕಾಣುತ್ತದೆ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಶುಕ್ರವಾರವೇ ಗೊತ್ತಿತ್ತೇ? ಗೊತ್ತಿದ್ದೂ ಬಿಟ್ಟಿದ್ದರೆ ಅದು ನಮ್ಮ ಆಲಸ್ಯ. ತಿಕೋಟಾ ಕಡೆ ರ‍್ಯಾಕಿನ ಮೇಲೆ ಒಣಗಲು ಹಾಕಿದ ದ್ರಾಕ್ಷಿಗೆ ದಿಢೀರ್ ಮಳೆ ಬಂದರೆ ಓಡಿ ಹೋಗಿ ತಾಡಪತ್ರಿ ಮುಚ್ಚಿ, ಅದು ಎತ್ತು. ಗುಳೇದಗುಡ್ಡದ ಖಣದ ಮಗ್ಗದ ಮೇಲಿನ ಹಾಸು ಎರಡು ದಿನ ನಿಂತರೂ ಕೆಡುವುದಿಲ್ಲ, ಅದು ಎತ್ತಲ್ಲ. ಮಗ್ಗ ನಿಲ್ಲಿಸಿ ಮಕ್ಕಳನ್ನು ಕಂಡಿಕೆ ಸುತ್ತಲು ಕೂರಿಸುವುದೂ ಬೇಡ. ಮುಧೋಳ, ಜಮಖಂಡಿ ಕಡೆ ಕಡಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ. ತುಂಬಿದ ಟ್ರ್ಯಾಕ್ಟರ್ ಕಳಿಸಿಬಿಡಿ. ಆದರೆ ಕಬ್ಬು ಕಡಿಯುವ ಗ್ಯಾಂಗಿನ ದಿನ ಗೊತ್ತು ಮಾಡುವಾಗ ರವಿವಾರ ಕೋಯ್ತಾ ಹಿಡಿಯುವುದು ಬೇಡವೆಂದು ಮೊದಲೇ ಹೇಳಬಹುದಿತ್ತಲ್ಲ. ಸುಗ್ಗಿಯ ನೆಪಕ್ಕೆ ವಿಮೋಚನಕಾಂಡ 34:21 ಜಾಗ ಬಿಟ್ಟಿಲ್ಲ, ಉಳುವ ಕಾಲದಲ್ಲೂ ಕೊಯ್ಯುವ ಕಾಲದಲ್ಲೂ ಬಿಡುವಿರಲಿ ಎನ್ನುತ್ತದೆ. ರೋಮಿನ ದೊರೆ ಕಾನ್‌ಸ್ಟಂಟೈನ್ 321ರಲ್ಲಿ ರವಿವಾರದ ರಜೆ ಸಾರಿದಾಗ ಹೊಲದ ಕೆಲಸಕ್ಕೆ ವಿನಾಯಿತಿ ಕೊಟ್ಟಿದ್ದ. ದೇವರ ಆಜ್ಞೆ ಆ ವಿನಾಯಿತಿ ಕೊಟ್ಟಿಲ್ಲ.

ಕಾಣಿಕೆಗಿಂತ ಮೊದಲು

ಕಾಣಿಕೆಯ ಕವರಿಗೆ ಹಣ ಹಾಕುವ ಮೊದಲು ಅಪ್ಪ-ಅವ್ವನ ಬಿಪಿ, ಶುಗರ್ ಗುಳಿಗೆಯ ಹಣ ಬೇರೆ ತೆಗೆದಿಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7ನೆಯ ಅಧ್ಯಾಯದಲ್ಲಿ ನೇರವಾಗಿಯೇ ಖಂಡಿಸಿದ್ದಾನೆ. ಹೆತ್ತವರು ಕ್ರೈಸ್ತರಲ್ಲದಿದ್ದರೂ ಆಜ್ಞೆ ಬದಲಾಗದು. ಅವರ ಪೂಜೆಯಲ್ಲಿ ಪಾಲ್ಗೊಳ್ಳಲಾಗದಿದ್ದರೆ ಹಬ್ಬದ ದಿನ ಮುಖ ತಿರುಗಿಸಬೇಡಿ, ಒಂದು ವಾರ ಮೊದಲೇ ಪಕ್ಕದಲ್ಲಿ ಕೂತು ಹೇಳಿ: “ಅಪ್ಪಾ, ಪೂಜಾಕ್ಕ ಕೂಡಾಕ ನನಗ ಆಗಂಗಿಲ್ಲ. ಸಂತಿ ನಾ ಮಾಡ್ತೀನಿ, ಬಂದೋರಿಗೆ ಊಟಾನೂ ನಾನ ಬಡಿಸ್ತೀನಿ.”

ಸಭಾಪಾಲಕರನ್ನೂ ಮರೆಯಬೇಡಿ. ರವಿವಾರ ಅವರಿಗೆ ದುಡಿಮೆಯ ದಿನ. ಅವರ ಬಿಡುವು ಯಾವ ದಿನ ಎಂದು ಕೇಳಿ ತಿಳಿದುಕೊಂಡು, ಸಾವು-ನೋವಿನ ಹೊರತು ಅಂದು ಫೋನ್ ಮಾಡದಿರಿ. ಆರಾಧನೆಯ ಬೆನ್ನಿಗೇ ಕಮಿಟಿ ಮೀಟಿಂಗ್ ಇಡುವ ರೂಢಿಯನ್ನೂ ಬಿಡಬೇಕು.

ಮಾಲಕರ ಮುಂದೆ ಕೇಳುವಾಗ

ವಾರಕ್ಕೊಂದು ರಜೆ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೇ ಬಂದದ್ದು; ಅದು ರವಿವಾರವೇ ಸಿಗುತ್ತದೆಂಬ ಖಾತ್ರಿ ಮಾತ್ರ ಇಲ್ಲ. ಕೇಳುವ ರೀತಿ ಬಾಬಿಲೋನಿನ ಅರಮನೆಗೆ ಸೆರೆಯಾಗಿ ಹೋದ ದಾನಿಯೇಲನಿಂದ ಕಲಿಯಬೇಕು. ಅರಮನೆಯ ಊಟ ಬೇಡವೆಂದು ಅವನು ಮೇಲಧಿಕಾರಿಯನ್ನು ವಿನಂತಿಸಿದ. ಆ ಅಧಿಕಾರಿಗೆ ತನ್ನ ತಲೆ ಹೋದೀತೆಂಬ ಭಯ. ದಾನಿಯೇಲ ಜಗಳಕ್ಕೆ ಇಳಿಯದೆ ಕೆಳಗಿನ ಅಧಿಕಾರಿಗೆ ಹೇಳಿದ: ಹತ್ತು ದಿನ ಪರೀಕ್ಷಿಸಿ ನೋಡು. ನೀವೂ ಪಾಳಿಯ ಪಟ್ಟಿ ಗೋಡೆಗೆ ಬರುವ ಹದಿನೈದು ದಿನ ಮೊದಲೇ ಚೀಟಿ ಬರೆದುಕೊಂಡು ಹೋಗಿ. ರವಿವಾರದ ಪಾಳಿಗೆ ಯಾರು ಬರುತ್ತಾರೆಂದು ಮೊದಲೇ ಒಪ್ಪಿಸಿಟ್ಟಿರಿ. ಈದ್‌ಗೋ ದೀಪಾವಳಿಗೋ ರಜೆ ಬೇಕಾದ ಗೆಳೆಯರು ಇದ್ದೇ ಇರುತ್ತಾರೆ. “ಸಾಹೇಬ್ರ, ರವಿವಾರ ಮುಂಜಾನಿ ಪಾಳಿ ಬ್ಯಾಡ್ರಿ, ರಾತ್ರಿ ಪಾಳಿ ಕೊಡ್ರಿ. ಎರಡು ತಿಂಗಳ ನೋಡ್ರಿ, ಕೆಲಸ ಹಿಂದ ಬಿದ್ರ ಮೊದಲಿನಂಗ ಮಾಡ್ರಿ” ಎಂದರೆ ಸಾಹೇಬರ ಭಯಕ್ಕೂ ಉತ್ತರ ಕೊಟ್ಟಂತಾಗುತ್ತದೆ. ಆರೋಗ್ಯ ಸರಿಯಿಲ್ಲವೆಂದು ಸುಳ್ಳು ಹೇಳಿ ಆರಾಧನೆಗೆ ಬರಬೇಡಿ.

ಚುನಾವಣೆ ಕೆಲಸಕ್ಕೆ, ಪರೀಕ್ಷೆಯ ಮೇಲ್ವಿಚಾರಣೆಗೆ ರವಿವಾರ ಕರೆ ಬಂದರೆ ಹೋಗಿ. ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ ಮಾತು (ರೋಮಾ 13:1) ಅಲ್ಲಿಗೂ ಅನ್ವಯಿಸುತ್ತದೆ. ಸುಳ್ಳು ಲೆಕ್ಕ ಬರೆ, ಲಂಚ ಮುಟ್ಟಿಸು ಎಂದರೆ ಮಾತ್ರ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು (ಅಪೊಸ್ತಲರ ಕೃತ್ಯಗಳು 5:29). ಅದನ್ನೂ ಅಧಿಕಾರಿಯ ಕೋಣೆಯೊಳಗೆ, ತಗ್ಗಿದ ದನಿಯಲ್ಲಿ ಹೇಳಿ. ಹೊರಗೆ ಬಂದು ಅವರ ಹೆಸರು ಕೆಡಿಸಬೇಡಿ.

ಎಷ್ಟು ಕೇಳಿದರೂ ರವಿವಾರ ಸಿಗಲಿಲ್ಲವೆಂದರೆ ವಾರದ ರಜೆ ಬಿದ್ದ ದಿನವನ್ನೇ ಹಿಡಿದುಕೊಳ್ಳಿ. ಹಿಂದಿನ ಸಂಜೆ ರೊಟ್ಟಿ, ಮೇವು, ನೀರು, ಎಲ್ಲವೂ ಮೇಲೆ ಹೇಳಿದ ಹಾಗೆಯೇ. ಅದು ಸೋಮವಾರವಾದರೆ ಊರಿನ ಎತ್ತುಗಳೂ ಅಂದು ಕೊಟ್ಟಿಗೆಯಲ್ಲೇ ಇರುತ್ತವೆ.