ಮೂವತ್ತೊಂದು ಮೀಟರಿನ ಜಗಳ

ಲೈಟ್ ಕಂಬಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದ ಆ ಹಳದಿ ಕಾಗದವನ್ನು ಒಂದು ವಾರ ನಾನು ನೋಡಿಯೂ ನೋಡದವನ ಹಾಗೆ ದಾಟಿಕೊಂಡು ಹೋಗಿದ್ದೆ. ಯಾರದೋ ಬೆಕ್ಕು ಕಳೆದಿರಬೇಕು ಅಂದುಕೊಂಡಿದ್ದೆ. ಎಂಟನೇ ದಿನ ಮಗಳನ್ನು ಸ್ಕೂಲಿಗೆ ಬಿಡಲು ಹೋಗುವಾಗ ಅವಳ ಶೂ ಲೇಸು ಬಿಚ್ಚಿತು. ಕಟ್ಟಿ ಮೇಲೆದ್ದಾಗ ಕಣ್ಣೆದುರಿಗೇ ಇತ್ತು: ಪಬ್ಬಿನ ಪಕ್ಕದ ಹುಲ್ಲಿನ ಜಾಗದಲ್ಲಿ 24 ಕಾರು ನಿಲ್ಲಿಸುವ ಪಾರ್ಕಿಂಗ್ ಮಾಡಲು ಅರ್ಜಿ. ಆಕ್ಷೇಪಣೆಗೆ 21 ದಿನ. ಅದರಲ್ಲಿ ಒಂದು ವಾರ ಆಗಲೇ ಹೋಗಿತ್ತು.

ನಾನಿರುವುದು ದಕ್ಷಿಣ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಮುನ್ನೂರು ಮನೆಯೂ ಇಲ್ಲ. ಒಂದು ಚರ್ಚು, ಒಂದು ಪಬ್ಬು, ಎರಡು ಗಂಟೆಗೊಂದು ಬಸ್ಸು. ಹುಟ್ಟಿದ್ದು ಅರಸೀಕೆರೆ ಕಡೆ, ಕೆಲಸಕ್ಕೆ ಅಂತ ಬಂದವನು ಇಲ್ಲೇ ಉಳಿದೆ. ಆ ಹುಲ್ಲಿನ ಜಾಗ ತ್ರಿಕೋನಾಕಾರದ್ದು, ಮೂಲೆಯಲ್ಲಿ ಎರಡು ಹಾರ್ಸ್ ಚೆಸ್ಟ್‌ನಟ್ ಮರ. ಮಕ್ಕಳ ಕ್ರಿಕೆಟ್ಟು, ಬೇಸಿಗೆಯ ಜಾತ್ರೆ, ನವೆಂಬರಿನಲ್ಲಿ ಪಟಾಕಿ, ಎಲ್ಲ ಅಲ್ಲೇ. ಊರವರೆಲ್ಲ ಅದನ್ನು ‘ದಿ ಗ್ರೀನ್’ ಅನ್ನುತ್ತಿದ್ದರು. ಹಾಗೆ ಕರೆದರೆ ಸಾಕು, ಊರಿನದಾಗುತ್ತದೆ ಎಂದು ನಂಬಿಯೂ ಇದ್ದರು.

ನನಗೆ ಆ ನಂಬಿಕೆ ಇರಲಿಲ್ಲ. ನಮ್ಮೂರಿನ ಗುಂಡುತೋಪನ್ನೂ ಎಲ್ಲರೂ ಊರಿನದು ಅನ್ನುತ್ತಿದ್ದರು. ಒಂದು ದಿನ ಅಲ್ಲಿ ಕಲ್ಲುಕಂಬ ನೆಟ್ಟು ತಂತಿಬೇಲಿ ಬಂತು. ಅಪ್ಪ ಆಗ ಹೇಳಿದ್ದು ಒಂದೇ ಮಾತು: ‘ಮೊದಲು ಪಹಣಿ ತೆಗೆಸಿ ನೋಡ್ರಯ್ಯ, ಆಮೇಲೆ ಕೂಗಾಡಿ.’ ಹಾಗಾಗಿ ಅವತ್ತು ರಾತ್ರಿಯೇ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಆಗಿನ ಶುಲ್ಕ 3 ಪೌಂಡ್ ಕಟ್ಟಿ, ಜಾಗದ ದಾಖಲೆ ತೆಗೆಸಿದೆ. ಪೂರ್ತಿ ಜಾಗ ಪಬ್ಬಿನ ಯಜಮಾನನ ಹೆಸರಿನಲ್ಲೇ ಇತ್ತು, ಮೇಲೊಂದು ಬ್ಯಾಂಕ್ ಅಡಮಾನ. ಕೌಂಟಿ ಕೌನ್ಸಿಲ್ಲಿನಲ್ಲಿ ವಿಲೇಜ್ ಗ್ರೀನುಗಳ, ಅಂದರೆ ಆಟಕ್ಕೆ, ವಿಹಾರಕ್ಕೆ ಬಳಸುವ ಹಕ್ಕು ಊರವರಿಗಿರುವ ಬಯಲುಗಳ, ರಿಜಿಸ್ಟರ್ ಇದೆ, 1965ರ ಕಾಯ್ದೆಯಿಂದ ಶುರುವಾದದ್ದು. ಅದರಲ್ಲಿ ನಮ್ಮ ಗ್ರೀನ್ ಇರಲೇ ಇಲ್ಲ.

ಹಳ್ಳಿಯ ಸಭಾಂಗಣದಲ್ಲಿ ಸಭೆ ಸೇರಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಒಬ್ಬರಿಗೆ ಕಿಟಕಿಯ ನೋಟ ಹಾಳಾಗುವ ಚಿಂತೆ, ಇನ್ನೊಬ್ಬರಿಗೆ ಮನೆಯ ಬೆಲೆ ಇಳಿಯುವ ಚಿಂತೆ. ಮತ್ತೊಬ್ಬರು ಪಬ್ಬಿನ ಯಜಮಾನ ಊರಿನವನೇ ಅಲ್ಲ ಎಂದರು. ನಾನು ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿದೆ. ಆಗ ಎದ್ದು ನಿಂತವರು ಎಂಬತ್ತು ದಾಟಿದ, ಹಿಂದೆ ಪ್ಯಾರಿಷ್ ಕೌನ್ಸಿಲ್ಲಿನಲ್ಲಿದ್ದ ಒಬ್ಬ ಹೆಂಗಸು. ಇಲ್ಲಿ ಅಂಥವರನ್ನೂ ಹೆಸರು ಹಿಡಿದೇ ಕರೆಯಬೇಕು. ಇಷ್ಟು ವರ್ಷವಾದರೂ ನನ್ನ ಬಾಯಿಗೆ ಅದು ಒಗ್ಗಿಲ್ಲ, ಮನಸ್ಸಿನಲ್ಲಿ ಅವರು ಅಜ್ಜಿಯೇ. ‘ನೋಟ, ಮನೆಯ ಬೆಲೆ, ಮನುಷ್ಯ ಯಾವ ಊರಿನವನು, ಈ ಮೂರನ್ನೂ ಪ್ಲಾನಿಂಗ್ ಕಮಿಟಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ರಸ್ತೆ, ನೀರು, ಮರ, ಬಯಲು ಜಾಗ, ಇವುಗಳ ಬಗ್ಗೆ ಹೇಳುವುದಿದ್ದರೆ ಹೇಳಿ’ ಎಂದರು. ಸಭೆ ತಣ್ಣಗಾಯಿತು.

ಅಲ್ಲಿಂದ ನಾವು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ವಿಲೇಜ್ ಗ್ರೀನ್ ಅಂತ ನೋಂದಾಯಿಸಿಬಿಡೋಣ ಎಂದು ಹೊರಟೆವು. 2006ರ ಕಾಮನ್ಸ್ ಕಾಯ್ದೆಯ 15ನೇ ಸೆಕ್ಷನ್ ಅದಕ್ಕೆ ದಾರಿ ಕೊಡುತ್ತದೆ. ಊರಿನ ಸಾಕಷ್ಟು ಜನ ಒಂದು ಜಾಗವನ್ನು 20 ವರ್ಷ ಆಟಕ್ಕೆ, ವಿಹಾರಕ್ಕೆ ಬಳಸಿರಬೇಕು. ಬಲವಂತದಿಂದಲ್ಲ, ಕದ್ದುಮುಚ್ಚಿ ಅಲ್ಲ, ಅನುಮತಿ ಪಡೆದೂ ಅಲ್ಲ. ಆ ಮೂರನೆಯದು ವಿಚಿತ್ರ ಅನಿಸುತ್ತದೆ, ಆದರೆ ಇಡೀ ಕಾನೂನು ನಿಂತಿರುವುದೇ ಅದರ ಮೇಲೆ. ಕೇಳಿ ಬಳಸಿದರೆ ಅದು ಮಾಲೀಕನ ಔದಾರ್ಯ, ಕೇಳದೆ ಬಳಸಿದರೆ ಹಕ್ಕು. ಆಕ್ಸ್‌ಫರ್ಡ್ ಹತ್ತಿರದ ಸನಿಂಗ್‌ವೆಲ್ ಎಂಬ ಹಳ್ಳಿ ಚರ್ಚಿನ ಜಮೀನಿನ ವಿಚಾರದಲ್ಲಿ ಇದೇ ವಾದ ಹಿಡಿದು ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1999ರಲ್ಲಿ ಗೆದ್ದಿತ್ತು. ತಮಗೆ ಹಕ್ಕಿದೆ ಎಂದು ಜನ ಮನಸ್ಸಿನಲ್ಲಿ ನಂಬಿರಬೇಕಾದ್ದೂ ಇಲ್ಲ, ಹಕ್ಕಿದ್ದವರ ಹಾಗೆ ಬಳಸಿದ್ದರೆ ಸಾಕು ಎಂದಾಯಿತು.

ನಾವು ಮನೆ ಮನೆ ಸುತ್ತಿ 47 ಹೇಳಿಕೆ ಬರೆಸಿದೆವು. ಒಬ್ಬರು 1980ರಲ್ಲಿ ಅಲ್ಲಿ ಗಾಳಿಪಟ ಬಿಟ್ಟ ಫೋಟೋ ಕೊಟ್ಟರು. ಆಮೇಲೆ ಎರಡು ಪೆಟ್ಟು ಒಟ್ಟಿಗೇ ಬಿದ್ದವು. ಜಾತ್ರೆ ಸಮಿತಿಯ ಹಳೆಯ ಫೈಲು ತಿರುವುತ್ತಿದ್ದಾಗ ವರ್ಷ ವರ್ಷವೂ ಪಬ್ಬಿಗೆ ಬರೆದ ಪತ್ರದ ಪ್ರತಿಗಳು ಸಿಕ್ಕವು: ‘ಜಾಗ ಬಳಸಲು ದಯೆಯಿಂದ ಅನುಮತಿ ಕೊಟ್ಟಿದ್ದಕ್ಕೆ ಧನ್ಯವಾದ.’ ಮಾತುಮಾತಿಗೂ ಥ್ಯಾಂಕ್ಸ್ ಹೇಳುವ ಈ ದೇಶದ ಅಭ್ಯಾಸ ಹೀಗೂ ಕೈಕೊಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಎರಡನೇ ಪೆಟ್ಟು ಇನ್ನೂ ಜೋರು. ಕೌಂಟಿ ಕಚೇರಿಗೆ ಫೋನ್ ಮಾಡಿದರೆ, ಅತ್ತ ಕಡೆಯ ಹುಡುಗಿ ಪಾಪ ಮೆತ್ತಗೆ ಹೇಳಿದಳು: 2013ರ ತಿದ್ದುಪಡಿಯ ನಂತರ, ಪ್ಲಾನಿಂಗ್ ಅರ್ಜಿ ಒಮ್ಮೆ ಪ್ರಕಟವಾದರೆ ಆ ಜಾಗಕ್ಕೆ ಗ್ರೀನ್ ಅರ್ಜಿ ಹಾಕುವ ಹಕ್ಕು ನಿಂತುಹೋಗುತ್ತದೆ. ಅರ್ಜಿ ವಾಪಸ್ಸಾಗಬೇಕು, ಇಲ್ಲವೇ ತಿರಸ್ಕೃತವಾಗಿ ಅಪೀಲು ಗಿಪೀಲು ಎಲ್ಲ ಮುಗಿಯಬೇಕು, ಆಗಷ್ಟೇ ಬಾಗಿಲು ಮತ್ತೆ ತೆರೆಯುವುದು. ಆ ಹಳದಿ ಕಾಗದ ಕಂಬ ಹತ್ತುವ ಮೊದಲು ನಾವು ಎಚ್ಚೆತ್ತಿರಬೇಕಿತ್ತು. ನಿಮ್ಮೂರಿನಲ್ಲಿ ಅಂಥ ಜಾಗವಿದ್ದರೆ ರಿಜಿಸ್ಟರ್ ಇವತ್ತೇ ನೋಡಿ, ಜಗಳ ಬರುವವರೆಗೆ ಕಾಯಬೇಡಿ.

ಉಳಿದದ್ದು ಆಕ್ಷೇಪಣೆ ಪತ್ರ ಒಂದೇ. ಪ್ಯಾರಿಷ್ ಕೌನ್ಸಿಲ್ ನಮ್ಮ ಗ್ರಾಮ ಪಂಚಾಯ್ತಿಯ ದೂರದ ನೆಂಟ ಇದ್ದ ಹಾಗೆ, ಇಂಥದ್ದರಲ್ಲಿ ಅಭಿಪ್ರಾಯ ಮಾತ್ರ ಹೇಳಬಲ್ಲದು. ತೀರ್ಮಾನ ಡಿಸ್ಟ್ರಿಕ್ಟ್ ಕೌನ್ಸಿಲ್ಲಿನದು. ಆಕ್ಷೇಪಣೆ ಯಾರು ಬೇಕಾದರೂ ಸಲ್ಲಿಸಬಹುದು, ಯಾವ ಪಾಸ್‌ಪೋರ್ಟ್ ಎಂದು ಯಾರೂ ಕೇಳುವುದಿಲ್ಲ. ಅಜ್ಜಿ ನನಗೆ ಅಳತೆಯ ಕೆಲಸ ವಹಿಸಿದರು.

ಪಾರ್ಕಿಂಗಿಗೆ ಹೊಸ ದಾರಿ ತೆರೆಯುತ್ತಿದ್ದುದು ಚರ್ಚ್ ರಸ್ತೆಯ ತಿರುವಿಗೆ. 30 ಮೈಲಿ ವೇಗದ ರಸ್ತೆಗೆ ಹೊಸ ದಾರಿ ಸೇರುವಲ್ಲಿ ಎರಡೂ ಕಡೆ 43 ಮೀಟರ್ ಕಾಣಬೇಕೆಂಬುದು ಇಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ರಸ್ತೆಯ ಅಂಚಿನಿಂದ 2.4 ಮೀಟರ್ ಹಿಂದೆ ನಿಂತು, ಕಾರಿನಲ್ಲಿ ಕೂತ ಚಾಲಕನ ಕಣ್ಣಿನ ಎತ್ತರದಿಂದ ನೋಡಬೇಕು. ಆ ಎತ್ತರ 1.05 ಮೀಟರ್. ಪೊರಕೆ ಕೋಲಿಗೆ ಆ ಎತ್ತರದಲ್ಲಿ ಕೆಂಪು ಟೇಪು ಸುತ್ತಿಕೊಂಡು ಭಾನುವಾರ ಬೆಳಗ್ಗೆ ಏಳಕ್ಕೇ ಹೋದೆ. ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಟೇಪಿಗೆ ಕಣ್ಣು ತಾಗಿಸಿ ನೋಡುತ್ತಿದ್ದೆ. ಮಗಳು ಅಂಗಳದಲ್ಲಿ ಆಡುವ ಕ್ರಿಕೆಟ್ ಸ್ಟಂಪು ಹಿಡಿದು ರಸ್ತೆಯಂಚಿನಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದಳು. ‘ಕಾಣ್ತಿದೀನಾ ಅಪ್ಪಾ?’ ‘ಕಾಣ್ತೀಯಮ್ಮ, ಇನ್ನೂ ಹೋಗು.’ ಹಾಥಾರ್ನ್ ಬೇಲಿ ತಿರುವಿನಲ್ಲಿ ಉಬ್ಬಿಕೊಂಡಿದ್ದ ಕಡೆ ಅವಳು ಥಟ್ಟನೆ ಮಾಯವಾದಳು. ಅಳತೆ ಟೇಪು ಎಳೆದು ನೋಡಿದರೆ 31 ಮೀಟರ್. ಬೇಲಿ ಪಬ್ಬಿನದಲ್ಲ, ಪಕ್ಕದ ರೈತನದು. ಪಬ್ಬಿನವರು ಕತ್ತರಿಸುವ ಹಾಗಿಲ್ಲ. ನಾಯಿ ವಾಕಿಂಗಿಗೆ ಬಂದ ಒಬ್ಬರು ಮಂಡಿಯೂರಿದ್ದ ನನ್ನನ್ನು ನೋಡಿ, ಏನೋ ಪೂಜೆ ಇರಬೇಕು ಎಂದು ದೂರದಿಂದಲೇ ಗೌರವವಾಗಿ ಸುತ್ತುಹಾಕಿಕೊಂಡು ಹೋದರು.

ಇನ್ನೊಂದು ಕೆಲಸ ಕಾರು ಎಣಿಸುವುದು. ಪಬ್ಬಿನ ಹಿಂದೆ ಆಗಲೇ ಹತ್ತು ಕಾರಿನ ಜಾಗವಿತ್ತು. ಅದು ತುಂಬುವುದೇ ಇಲ್ಲ ಎಂದು ತೋರಿಸಿಬಿಡುವ ಹುಮ್ಮಸ್ಸು ನಮ್ಮದು. ಎರಡು ವಾರ, ಪ್ರತಿ ಸಂಜೆ ಏಳೂವರೆಗೆ ಮತ್ತು ಒಂಬತ್ತಕ್ಕೆ, ಭಾನುವಾರ ಮಧ್ಯಾಹ್ನವೂ, ನಾವು ಆರು ಜನ ಸರದಿಯಲ್ಲಿ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದೆವು. ಶುಕ್ರವಾರ, ಶನಿವಾರ, ಭಾನುವಾರದ ಮಧ್ಯಾಹ್ನದೂಟ ಬಿಟ್ಟರೆ ಅರ್ಧವೂ ತುಂಬುತ್ತಿರಲಿಲ್ಲ. ಆದರೆ ನಾನು ಕೆಲಸದ ಚಾಳಿಗೆ ಬಿದ್ದು (ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು) ನಂಬರ್ ಪ್ಲೇಟಿನ ಕೊನೆಯ ಮೂರು ಅಕ್ಷರವನ್ನೂ ಬರೆಸಿದ್ದೆ. ಎರಡು ವಾರದ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದಾಗ ನಾಲ್ಕು ಕಾರು ಎಲ್ಲ ರಾತ್ರಿಯೂ ಇದ್ದವು. ಅವು ಗಿರಾಕಿಗಳದ್ದಲ್ಲ, ಊರವರದೇ. ಮನೆ ಮುಂದೆ ಜಾಗವಿಲ್ಲದೆ ಎರಡನೇ ಕಾರನ್ನು ಪಬ್ಬಿನ ಹಿಂದೆ ತಂದು ನಿಲ್ಲಿಸುತ್ತಿದ್ದರು. ಅದರಲ್ಲೊಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವರದು. ನಮ್ಮನೆಗೆ ಬರುವ ನೆಂಟರ ಕಾರನ್ನು ನಾನೂ ಅಲ್ಲಿಗೇ ಕಳಿಸುತ್ತಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆ ಹಾಳೆಯನ್ನು ಏನು ಮಾಡುವುದು ಎಂಬುದರ ಬಗ್ಗೆ ನಮ್ಮೊಳಗೇ ಜಗಳವಾಯಿತು. ಬಚ್ಚಿಡೋಣ ಎಂದರು ಕೆಲವರು. ಅಜ್ಜಿ ಮಾತ್ರ, ‘ಮೊದಲು ಅವನಿಗೇ ತೋರಿಸಿ’ ಎಂದರು. ಅಷ್ಟು ದಿನವಾಗಿದ್ದರೂ ಪಬ್ಬಿನ ಯಜಮಾನನ ಜತೆ ನಮ್ಮಲ್ಲಿ ಒಬ್ಬರೂ ಮಾತಾಡಿರಲಿಲ್ಲ. ಕ್ವಿಜ್ ನೈಟಿಗೂ ಹೋಗುವುದನ್ನು ಬಿಟ್ಟಿದ್ದೆವು. ಮಂಗಳವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ ಹೋದೆ. ಆತ ಗ್ಲಾಸು ಒರೆಸುತ್ತಾ ಹಾಳೆಯನ್ನು ಎರಡು ಸಲ ಓದಿದ. ‘ಇದು ನನಗೆ ಗೊತ್ತು. ಕೇಳಿದರೆ ಊರವರು ಮುನಿಸಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ’ ಎಂದ. ಬಿಯರಿನಲ್ಲಿ ಏನೂ ಗಿಟ್ಟುವುದಿಲ್ಲ, ಪಬ್ಬು ಉಳಿದಿರುವುದು ಭಾನುವಾರದ ರೋಸ್ಟ್ ಊಟದಿಂದ. ಅದಕ್ಕೆ ಬರುವವರು ಹೊರಗಿನವರು, ಕಾರಿಗೆ ಜಾಗ ಸಿಗದೆ ವಾಪಸ್ ಹೋಗುತ್ತಾರೆ, ಅಷ್ಟೇ ಅವನ ಲೆಕ್ಕ. ಪಕ್ಕದ ಹಳ್ಳಿಯ ಪಬ್ಬು ಮುಚ್ಚಿ ಈಗ ಯಾರದೋ ಮನೆಯಾಗಿದೆ. ನಮ್ಮದೂ ಹಾಗಾದರೆ, ಎರಡು ಮರದ ಮಧ್ಯೆ ಹುಲ್ಲು ಉಳಿಸಿಕೊಂಡು ಕೂತಿರುವ ನಾವು ಸಂಜೆ ಹೋಗುವುದೆಲ್ಲಿಗೆ?

ನಾವು ಲೆಕ್ಕ ಹಾಕಿದೆವು. ಒಂದು ಕಾರಿನ ಚೌಕ 2.4 ಮೀಟರ್ ಅಗಲ, 4.8 ಮೀಟರ್ ಉದ್ದ. ತಿರುಗಿಸಲು ನಡುವೆ 6 ಮೀಟರಿನ ಓಣಿ ಬೇಕು. ಎರಡು ಸಾಲಿಗೆ ಒಂದೇ ಓಣಿ ಹಂಚಿದರೂ ಒಂದು ಕಾರು ಸುಮಾರು 19 ಚದರ ಮೀಟರ್ ತಿನ್ನುತ್ತದೆ, ಒಳಬರುವ ದಾರಿ ಬೇರೆ. 24 ಕಾರಿಗೆ ಕಡಿಮೆಯೆಂದರೂ 450 ಚದರ ಮೀಟರ್. ಹಳೆಯ ಪಾರ್ಕಿಂಗಿನ ಓಣಿಯನ್ನೇ ಬಳಸಿ ಅದರ ಅಂಚಿಗೆ ಒಂದೇ ಸಾಲು ಸೇರಿಸಿದರೆ? ಎಂಟು ಕಾರಿಗೆ ನೂರು ಚದರ ಮೀಟರೂ ಬೇಡ, ತಿರುವಿಗೆ ಹೊಸ ದಾರಿಯೂ ಬೇಡ. ಊರವರ ನಾಲ್ಕು ಕಾರು ಜಾಗ ಖಾಲಿ ಮಾಡಿದರೆ ಹನ್ನೆರಡು ಸಿಕ್ಕ ಹಾಗೆ. ಒಂದು ಬಿಯರ್ ಮ್ಯಾಟಿನ ಹಿಂಭಾಗದಲ್ಲಿ ಇದನ್ನು ಬರೆದದ್ದು ಆತ, ನಾನಲ್ಲ.

ಇಷ್ಟರಿಂದಲೇ ಒಪ್ಪಂದ ಆಯಿತು ಎಂದರೆ ಸುಳ್ಳಾಗುತ್ತದೆ. ರಸ್ತೆ ಇಲಾಖೆಯ ಎಂಜಿನಿಯರ್ 31 ಮೀಟರನ್ನು ತಾವೇ ಅಳೆದು ಆಕ್ಷೇಪಿಸಿದ ಮೇಲೆಯೇ ಆತ ಅರ್ಜಿ ವಾಪಸ್ ಪಡೆದದ್ದು. ಎಂಟು ಕಾರಿನ ಹೊಸ ಅರ್ಜಿಗೆ ಊರಿನಿಂದ ಬಂದದ್ದು ಎರಡೇ ಆಕ್ಷೇಪಣೆ, ಮಂಜೂರಾಯಿತು. ಬದಲಿಗೆ ಉಳಿದ ಹುಲ್ಲನ್ನು ಆತ ತಾನಾಗಿಯೇ ವಿಲೇಜ್ ಗ್ರೀನ್ ಎಂದು ನೋಂದಾಯಿಸಬೇಕು. 15ನೇ ಸೆಕ್ಷನ್ನಿನ ಎಂಟನೇ ಉಪವಿಧಿ ಮಾಲೀಕನಿಗೆ ಆ ಅವಕಾಶ ಕೊಡುತ್ತದೆ, 20 ವರ್ಷದ ಪುರಾವೆಯ ಗೊಡವೆಯೇ ಇಲ್ಲ. ಆದರೆ ಅಡಮಾನ ಇಟ್ಟುಕೊಂಡವರ ಒಪ್ಪಿಗೆ ಬೇಕು. ಬ್ಯಾಂಕಿನಿಂದ ಒಂದು ಪುಟದ ಪತ್ರ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಊರಿನಲ್ಲಿ ಹುಟ್ಟಿದ ಗುಮಾನಿಗಳನ್ನೆಲ್ಲ ಬರೆಯಲು ಕೂತರೆ ಇದರ ಎರಡರಷ್ಟು ಬೇಕು.

ಹೊಸ ಎಂಟು ಚೌಕಗಳಿಗೆ ಜೇನುಗೂಡಿನ ಹಾಗಿರುವ ಪ್ಲಾಸ್ಟಿಕ್ ಜಾಲರಿ ಹಾಸಿ ಮಣ್ಣು ತುಂಬಿ ಹುಲ್ಲು ಬಿತ್ತಿದರು. ನೀರೇನೋ ಇಂಗುತ್ತದೆ. ಹುಲ್ಲು ಮಾತ್ರ ಚಕ್ರ ಕೂರುವ ಕಡೆ ಒಂದೇ ಬೇಸಿಗೆಗೆ ಒಣಗಿತು, ಅಲ್ಲಿಗೆ ಈಗ ಜಲ್ಲಿ ಸುರಿದಿದ್ದಾರೆ. ಜೋರಾಗಿ ಕೂಗಿದ್ದವರು ತಮ್ಮ ಎರಡನೇ ಕಾರನ್ನು ಮಾರಲಿಲ್ಲ. ಅದು ಈಗ ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಎದುರಿಗೇ ನಿಲ್ಲುತ್ತದೆ.

ಈ ಸಲದ ಜಾತ್ರೆ ಮುಗಿದ ಮೇಲೆ ಪಬ್ಬಿಗೆ ಬರೆಯುವ ವಾರ್ಷಿಕ ಪತ್ರದ ಕರಡು ಅಜ್ಜಿಯ ಕೈಗೆ ಹೋಯಿತು. ‘ಜಾಗ ಬಳಸಲು ಅನುಮತಿ ಕೊಟ್ಟಿದ್ದಕ್ಕೆ’ ಎಂದಿತ್ತು, ಹಳೆಯ ಪ್ರತಿಯನ್ನು ನೋಡಿ ಯಾರೋ ಇಳಿಸಿದ್ದರು. ಅಜ್ಜಿ ಪೆನ್ನು ಕೇಳಿ ಇಸಕೊಂಡು ಆ ಸಾಲು ಹೊಡೆದುಹಾಕಿ, ಮೇಲೆ ಬರೆದರು: ‘ಟೀ ಅಂಗಡಿಗೆ ಕರೆಂಟ್ ಕೊಟ್ಟಿದ್ದಕ್ಕೆ.’