ಓದಿದ ಕಾದಂಬರಿ ಬಗ್ಗೆ ಹೇಳಿ, ಕತೆ ಒಪ್ಪಿಸಬೇಡಿ

"ಇತ್ತೀಚೆಗೆ ಏನು ಓದಿದ್ರಿ?" ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಮುಕ್ಕಾಲು ಜನ "ಸೂಪರ್ ಆಗಿದೆ, ಓದಲೇಬೇಕು" ಅಂದು ಸುಮ್ಮನಾಗುತ್ತಾರೆ. ಉಳಿದವರು ಮೊದಲ ಅಧ್ಯಾಯದಿಂದ ಹಿಡಿದು ಕತೆ ಪೂರ್ತಿ ಒಪ್ಪಿಸುತ್ತಾರೆ. ಪುಸ್ತಕ ಓದಿ ನಿಮಗೆ ಏನನ್ನಿಸಿತು ಅನ್ನೋದು ಎರಡರಲ್ಲೂ ಗೊತ್ತಾಗುವುದಿಲ್ಲ. ಕೇಳಿದವರಿಗೆ ಬೇಕಾಗಿದ್ದದ್ದು ಅದೇ ಅಲ್ವಾ?

ಕೆಲಸ ಶುರುವಾಗುವುದು ಓದುವಾಗಲೇ. ಎಲ್ಲಿ ನಕ್ಕಿರಿ, ಎಲ್ಲಿ ಬೋರ್ ಆಗಿ ಫೋನ್ ಎತ್ತಿಕೊಂಡಿರಿ, ಯಾವ ಪುಟವನ್ನು ಎರಡು ಸಲ ಓದಿದಿರಿ, ಆ ಪುಟದ ನಂಬರನ್ನು ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಲೈಬ್ರರಿ ಪುಸ್ತಕವಾದರೆ ಒಂದು ಚೀಟಿ ಸಾಕು. ಮುಗಿಸಿದ ಮೇಲೆ ಆ ನಂಬರುಗಳಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಅದರ ಬಗ್ಗೆ ಮಾತಾಡಿ.

ಉದಾಹರಣೆಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ತೆಗೆದುಕೊಳ್ಳಿ. "ಬಡತನದಲ್ಲಿದ್ದ ಕುಟುಂಬವೊಂದು ಮಸಾಲೆ ವ್ಯಾಪಾರದಿಂದ ಶ್ರೀಮಂತವಾಗಿ ಬದಲಾಗುವ ಕತೆ" ಅಂದರೆ ತಪ್ಪೇನಿಲ್ಲ, ಆದರೆ ಅಷ್ಟನ್ನು ಬೆನ್ನುಪುಟವೇ ಹೇಳುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ, ಅವನಿಗೆಂದು ಅಡುಗೆ ಮಾಡಿ ತಂದಿರುತ್ತಾಳೆ, ಮನೆಯವರು ಅವಳನ್ನು ಬೈದು ಓಡಿಸುವ ರೀತಿ ನೋಡಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು, ಯಾಕೆಂದರೆ ಅಲ್ಲಿಯವರೆಗೆ ನಾನೂ ಆ ಮನೆಯವರ ಪಕ್ಷದಲ್ಲೇ ಇದ್ದೆ. ಇದು ಅಭಿಪ್ರಾಯ. ಕೇಳಿದವರು ಒಪ್ಪಬಹುದು, ಜಗಳ ಆಡಬಹುದು, ಪುಸ್ತಕ ಹುಡುಕಬಹುದು.

ಇದೇ ಪುಸ್ತಕದ ಬಗ್ಗೆ ಮಾತಾಡುವಾಗ ಇನ್ನೊಂದು ಎಡವಟ್ಟಾಗುತ್ತದೆ. ಕತೆ ಹೇಳುವವನು ಕಾಫಿ ಹೌಸ್‌ನಲ್ಲಿ ಕೂತು ಎಲ್ಲವನ್ನೂ ನೋಡುತ್ತಾನೆ, ಏನೂ ಮಾಡುವುದಿಲ್ಲ. "ಇವನು ದಂಡಪಿಂಡ, ಅದಕ್ಕೇ ಪುಸ್ತಕ ಹಿಡಿಸಲಿಲ್ಲ" ಅನ್ನುವವರಿದ್ದಾರೆ. ಪಾತ್ರ ಹಿಡಿಸದೇ ಇರುವುದು ಬೇರೆ, ಪುಸ್ತಕ ಹಿಡಿಸದೇ ಇರುವುದು ಬೇರೆ. ಅವನು ಹಾಗಿರುವುದರಿಂದಲೇ ಕತೆಯಲ್ಲಿ ಭಯ ಹುಟ್ಟುತ್ತದೆ ಅನ್ನೋದು ನನ್ನ ವಾದ. ನಿಮ್ಮದು ಬೇರೆ ಇದ್ದರೆ ಪುಟ ತೋರಿಸಿ ಹೇಳಿ.

ಕೊನೆಯಲ್ಲಿ ಏನಾಗುತ್ತದೆ ಅಂತ ಮಾತ್ರ ಇಲ್ಲಿ ಬಾಯಿ ಬಿಡಬೇಡಿ. ಆದರೆ ಎಲ್ಲ ಪುಸ್ತಕಕ್ಕೂ ಈ ನಿಯಮ ಬೇಕಿಲ್ಲ. ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕತೆ ಅಂತ ಓದದೇ ಇದ್ದವರಿಗೂ ಗೊತ್ತು. ಅದು ಗೊತ್ತಿದ್ದರೂ ಮಂದಣ್ಣನ ಮದುವೆ ಗಲಾಟೆ, ಕಿವಿ ಅನ್ನೋ ನಾಯಿ, ಬಿರ್ಯಾನಿ ಕರಿಯಪ್ಪ, ಇವರು ಯಾರೂ ರುಚಿ ಕಳೆದುಕೊಳ್ಳುವುದಿಲ್ಲ. ಏನು ಹೇಳಿದರೆ ಓದುವ ಖುಷಿ ಹಾಳಾಗುತ್ತೆ ಅಂತ ಒಮ್ಮೆ ಯೋಚಿಸಿ, ಅಷ್ಟನ್ನು ಮುಚ್ಚಿಡಿ. ಉಳಿದದ್ದನ್ನು ಧಾರಾಳವಾಗಿ ಹೇಳಿ.

ಹಿಡಿಸಲಿಲ್ಲ ಅಂತ ಹೇಳಲು ತುಂಬಾ ಜನ ಹೆದರುತ್ತಾರೆ, ಅದರಲ್ಲೂ ದೊಡ್ಡ ಹೆಸರಿನ ಪುಸ್ತಕವಾದರೆ. ಹೆದರಬೇಡಿ, ಆದರೆ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಹೇಳಿ. ದೇವನೂರ ಮಹಾದೇವರ 'ಕುಸುಮಬಾಲೆ' ಸಣ್ಣ ಪುಸ್ತಕವೇ, ಆದರೆ ನಂಜನಗೂಡು ಸೀಮೆಯ ಆಡುಮಾತು ಗೊತ್ತಿಲ್ಲದವರಿಗೆ ಮೊದಲ ಪುಟವೇ ಗೋಡೆ. "ಅರ್ಥವಾಗಲಿಲ್ಲ, ಬಿಟ್ಟೆ" ಅಂದರೆ ಅಲ್ಲಿಗೆ ಮಾತು ಮುಗಿಯಿತು. "ಕಣ್ಣಲ್ಲಿ ಓದಿದಾಗ ಸಿಗಲಿಲ್ಲ, ಗಟ್ಟಿಯಾಗಿ ಓದಿದಾಗ ಜೋತಮ್ಮಂದಿರ, ಅಂದರೆ ಮಾತಾಡುವ ದೀಪಗಳ, ಮಾತು ಕಿವಿಗೆ ಬಿತ್ತು" ಅಂದರೆ ಇನ್ನೊಬ್ಬರಿಗೆ ದಾರಿ ಸಿಗುತ್ತದೆ. ಹಾಗೇ 'ಮಲೆಗಳಲ್ಲಿ ಮದುಮಗಳು' ಓದಿ "ಹೀರೋ ಯಾರು ಅಂತಲೇ ಗೊತ್ತಾಗಲಿಲ್ಲ" ಅಂತ ದೂರುವುದರಲ್ಲಿ ಅರ್ಥವಿಲ್ಲ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. "ಹೆಸರುಗಳು ಜಾಸ್ತಿ, ಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಹಿಡಿದು ಹೋದೆ, ಆಮೇಲೆ ಉಳಿದವರೂ ಪರಿಚಯವಾದರು" ಅನ್ನಿ, ಅದು ಉಪಯೋಗದ ಮಾತು. ಅರ್ಧಕ್ಕೆ ಬಿಟ್ಟಿದ್ದರೆ ಅರ್ಧಕ್ಕೆ ಬಿಟ್ಟೆ ಅಂತಲೇ ಹೇಳಿ, ಪೂರ್ತಿ ಓದಿದವರ ಹಾಗೆ ತೀರ್ಪು ಕೊಡಬೇಡಿ.

ಇನ್ನು ವಾದ. ಭೈರಪ್ಪನವರ 'ಆವರಣ' (2007) ಬಗ್ಗೆ ಮಾತು ಶುರುವಾದರೆ ಸ್ವಲ್ಪ ಹೊತ್ತಿಗೇ ಪುಸ್ತಕ ಪಕ್ಕಕ್ಕೆ ಹೋಗಿ ಭೈರಪ್ಪ ಒಬ್ಬರೇ ಉಳಿಯುತ್ತಾರೆ. ಆಗ "ಯಾವ ಭಾಗ ನಿಮಗೆ ಹಾಗನ್ನಿಸಿತು?" ಅಂತ ಕೇಳಿ. ಓದಿದವರು ಪುಟ ತಿರುವುತ್ತಾರೆ. ಓದದೇ ಇದ್ದವರು ವಿಷಯ ಬದಲಾಯಿಸುತ್ತಾರೆ. ಎರಡೂ ಒಳ್ಳೆಯದೇ.

ಉದ್ದ ಎಷ್ಟಿರಬೇಕು? ಬರೆಯುವುದಾದರೆ ಎರಡು ಪ್ಯಾರಾ ಸಾಕು. ನಕ್ಷತ್ರ ಕೊಡುವುದನ್ನು ನಾನಂತೂ ನಂಬುವುದಿಲ್ಲ, ನಿಮ್ಮಿಷ್ಟ. ಕೊನೆಗೆ ಪ್ರಕಾಶಕರು ಯಾರು, ಎಷ್ಟು ಪುಟ, ಈಗ ಎಲ್ಲಿ ಸಿಗುತ್ತೆ ಅಂತ ಸೇರಿಸಿ. ಹಳೆಯ ಪುಸ್ತಕವಾದರೆ ಮರುಮುದ್ರಣ ಬಂದಿದೆಯಾ ಅಂತ ಅಂಗಡಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಇಷ್ಟೆಲ್ಲ ಹೇಳಿದ ಮೇಲೂ "ಪಿಡಿಎಫ್ ಇದೆಯಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಅವರಿಗೆ ಅಂಗಡಿಯ ವಿಳಾಸ ಕಳಿಸಿ.