ಮಕ್ಕಳ ಕೈಗೆ ಒಂದು ಪೂರ್ತಿ ಅಡುಗೆ ಕೊಡಿ

ಈರುಳ್ಳಿ ಸುಲಿಸಿ, ಡಬ್ಬಿ ತರಿಸಿ, ಆಮೇಲೆ "ಸಾಕು, ಹೋಗಿ ಓದ್ಕೋ" ಅಂದರೆ ಮಗು ಅಡುಗೆ ಕಲಿಯುವುದಿಲ್ಲ. ಯಾವುದಾದರೂ ಒಂದು ಪದಾರ್ಥವನ್ನು ಸಂತೆಯಿಂದ ತಟ್ಟೆಯವರೆಗೆ ಅವರಿಗೇ ಬಿಡಿ. ತಾನು ಮಾಡಿದ್ದನ್ನು ಮಗು ಬೇಡ ಅನ್ನುವುದು ಕಡಿಮೆ.

ನಮ್ಮ ರಾಯಚೂರು ಕಡೆ ಮಳೆಗಾಲದಲ್ಲಿ ಪುಂಡಿಪಲ್ಯ, ಅಂದರೆ ಗೋಂಗುರ ಸೊಪ್ಪು, ಚೆನ್ನಾಗಿ ಸಿಗುತ್ತದೆ, ಅಲ್ಲಿಂದಲೇ ಶುರು ಮಾಡಿ. ಎಂಟು ಒಂಬತ್ತು ವರ್ಷದ ಮಗು ಕೂತು ಎಲೆ ಸೋಸಲಿ, ಮಣ್ಣು ಹೋಗುವ ತನಕ ನೀರು ಬದಲಿಸಿ ತೊಳೆಯಲಿ. ಒಲೆ ಹತ್ತಿರ ನೀವು ನಿಲ್ಲಿ. ಪುಂಡಿ ಹುಳಿ, ಅದಕ್ಕೆ ಅಲ್ಯೂಮಿನಿಯಂ ಬೇಡ, ಸ್ಟೀಲ್ ಪಾತ್ರೆ ಇಡಿ. ಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಜೊತೆ ಬೇಯಿಸಿ, ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಆಯ್ತು. ಉಪ್ಪು ಮಾತ್ರ ಕೊನೆಗೆ ಹಾಕಿಸಿ, ಯಾಕಂದರೆ ಹಸಿ ಎಲೆ ರಾಶಿ ಕಾಣುತ್ತದೆ, ಬೆಂದ ಮೇಲೆ ಹಿಡಿಯಷ್ಟಾಗುತ್ತದೆ, ಮೊದಲೇ ಅಂದಾಜಿನ ಮೇಲೆ ಹಾಕಿದರೆ ಬಾಯಿಗೆ ಇಡೋಕಾಗಲ್ಲ.

ಹೈಸ್ಕೂಲ್ ಹುಡುಗ ಹುಡುಗಿ ಇಬ್ಬರಿಗೂ ಜೋಳದ ರೊಟ್ಟಿ ಕಲಿಸಿ. ಹುಡುಗನಿಗೆ ಯಾಕೆ ಅಂತ ಕೇಳುವವರಿದ್ದಾರೆ, ನಾಳೆ ಬೆಂಗಳೂರಲ್ಲಿ ರೂಮ್ ಮಾಡಿಕೊಂಡು ಇರುವವನು ಅವನೇ ಅಲ್ವಾ? ಗೋಧಿ ಹಿಟ್ಟಿನ ಜಿಗಿ ಜೋಳಕ್ಕಿಲ್ಲ. ಎಸರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಹಾಕಿ, ಮೊದಲು ಸೌಟಿನಲ್ಲಿ ಕಲಸಿ, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ನಾದುವುದರಲ್ಲಿ ಸೋಮಾರಿತನ ಮಾಡಿದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನೀರು ಆರುತ್ತಿದ್ದಂತೆ ತಿರುವಿ ಹಾಕಬೇಕು. ಮೊದಮೊದಲು ಯಾವ ಆಕಾರ ಬಂದರೂ ಸುಮ್ನೆ ಇರಿ, ನಡುವೆ ಕೈ ಹಾಕಿ ಸರಿ ಮಾಡಬೇಡಿ. ಆ ದಿನದ ಊಟಕ್ಕೆ ಅದೇ ರೊಟ್ಟಿ ಬಡಿಸಿ.

ಬೇಸಿಗೆಗೆ ಅಂಬಲಿ. ಜೋಳದ ಹಿಟ್ಟನ್ನು ರಾತ್ರಿ ನೀರಲ್ಲಿ ಕಲಸಿಟ್ಟು, ಬೆಳಗ್ಗೆ ಗಂಟಾಗದಂತೆ ಕಾಸಿ, ಆರಿದ ಮೇಲೆ ಮಜ್ಜಿಗೆ, ಈರುಳ್ಳಿ, ಉಪ್ಪು ಸೇರಿಸಿದರೆ ಮುಗಿಯಿತು. ನಮ್ಮ ಬಿಸಿಲಿಗೆ ಬಾಟಲಿ ಜ್ಯೂಸಿಗಿಂತ ಇದು ಸಾವಿರ ಪಾಲು ಮೇಲು.

ಚಳಿ ಬಂದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಮೆಂತ್ಯ, ಶೇಂಗಾ ಹಿಂಡಿ (ಚಟ್ನಿಪುಡಿ). ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಒಂದು ವಾರಕ್ಕೆ ಆಗುವಷ್ಟೇ ಗಿರಣಿಯಲ್ಲಿ ಹಾಕಿಸಿ. ಗಿರಣಿಗೂ ಮಕ್ಕಳನ್ನೇ ಕಳಿಸಿ.